ಬಾಗಿಲು ಮುಚ್ಚಿದ ಮಠದಲ್ಲಿ ಬೆಳೆದ ಪುಸ್ತಕ ಭಂಡಾರ

ಇವತ್ತು ನಾವು ಆರು ನೂರು ವರ್ಷ ಹಿಂದಿನ ಜರ್ಮನಿಗೆ, ನ್ಯೂರೆಂಬರ್ಗ್ ಪಟ್ಟಣಕ್ಕೆ ಹೋಗೋಣ. ಅಲ್ಲಿ ಸಂತ ಕ್ಯಾಥರೀನಳ ಹೆಸರಿನ ಒಂದು ಸನ್ಯಾಸಿನಿಯರ ಮಠ ಇತ್ತು. ಅದು ಡೊಮಿನಿಕನ್ ಪಂಥಕ್ಕೆ ಸೇರಿದ್ದು.

ಡೊಮಿನಿಕನ್ನರು ಅಂದ್ರೆ ಯಾರು? 13ನೇ ಶತಮಾನದಲ್ಲಿ ಶುರುವಾದ, ಭಿಕ್ಷೆ ಬೇಡಿ ಬದುಕುತ್ತಾ ಊರೂರಲ್ಲಿ ಉಪದೇಶ ಮಾಡುವ ಸನ್ಯಾಸಿಗಳ ಪಂಥ. ಇಂಥ ಸನ್ಯಾಸಿಗಳನ್ನ ಫ್ರಯರ್ ಅಂತ ಕರೀತಾರೆ. ಆದರೆ ನೂರು ವರ್ಷ ಕಳೆಯುವಷ್ಟರಲ್ಲಿ ಶಿಸ್ತು ಸಡಿಲವಾಯ್ತು. ಬಡತನದ ಪ್ರತಿಜ್ಞೆ ಮಾಡಿದವರ ಹತ್ರಾನೇ ಸ್ವಂತ ಹಣ ಸೇರಿತು. 1348ರ ಸುಮಾರಿಗೆ ಬಂದ ಪ್ಲೇಗು ಎಷ್ಟೋ ಮಠಗಳನ್ನ ಖಾಲಿ ಮಾಡಿತು. ಆಗ ಹುಟ್ಟಿದ್ದೇ ಮೂಲ ನಿಯಮಕ್ಕೆ ಮರಳಬೇಕು ಅನ್ನೋ ಆಬ್ಸರ್ವೆಂಟ್ ಚಳವಳಿ. 1390ರಲ್ಲಿ ಪಂಥದ ಮುಖ್ಯಸ್ಥ ಕಾಪುವಾದ ರೇಮಂಡ್, ಪ್ರತಿ ಪ್ರಾಂತದಲ್ಲೂ ಒಂದು ಮಠವಾದರೂ ನಿಯಮವನ್ನ ಕಟ್ಟುನಿಟ್ಟಾಗಿ ಪಾಲಿಸಬೇಕು ಅಂತ ಆದೇಶ ಹೊರಡಿಸಿದ.

ಹೆಣ್ಣುಮಕ್ಕಳ ಮಠಕ್ಕೆ ಈ ಸುಧಾರಣೆ ಅಂದರೆ ಮೊದಲಿಗೆ ಬಾಗಿಲು ಮುಚ್ಚೋದು. ಹೊರಗೆ ಹೋಗೋ ಹಾಗಿಲ್ಲ, ಹೊರಗಿನವರು ಒಳಗೆ ಬರೋ ಹಾಗಿಲ್ಲ, ಸ್ವಂತ ಆಸ್ತಿ ಇಲ್ಲ. 1390ರ ದಶಕದಲ್ಲಿ ನ್ಯೂರೆಂಬರ್ಗ್‌ನ ಸನ್ಯಾಸಿನಿಯರು ಇದನ್ನ ವಿರೋಧಿಸಿದರು, ಪ್ರಯತ್ನ ಬಿದ್ದುಹೋಯ್ತು. 1428ರಲ್ಲಿ ಮತ್ತೊಮ್ಮೆ ಪ್ರಯತ್ನ ನಡೆದಾಗ ನಗರಸಭೆ ಬೆಂಬಲಕ್ಕೆ ನಿಂತಿತು. ಆಲ್ಸೇಸ್ ಪ್ರದೇಶದ ಶೋನೆನ್‌ಸ್ಟೈನ್‌ಬಾಖ್ ಮಠದಿಂದ, ಆಗಲೇ ಸುಧಾರಣೆ ಒಪ್ಪಿಕೊಂಡಿದ್ದ ಸನ್ಯಾಸಿನಿಯರನ್ನ ಕರೆಸಿದರು. ಈ ಸಲ ಅದು ನಿಂತಿತು.

ಹಾಗಾದ್ರೆ ಇದು ಬರೀ ಕಟ್ಟಿಹಾಕಿದ ಕತೆಯಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಮುಂದೆ ಆಗಿದ್ದು ನೋಡಿ. ಹೊಸ ಶಿಸ್ತಿನಲ್ಲಿ ಊಟದ ಹೊತ್ತಲ್ಲಿ ಯಾರೂ ಮಾತಾಡಬಾರದು, ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ವರ್ಷವಿಡೀ ಓದೋಕೆ ಪುಸ್ತಕ ಬೇಕಲ್ವಾ? ಹೆಚ್ಚಿನವರಿಗೆ ಲ್ಯಾಟಿನ್ ಅಷ್ಟಾಗಿ ಬರ್ತಿರಲಿಲ್ಲ, ಹಾಗಾಗಿ ಜರ್ಮನ್‌ನಲ್ಲೇ ಬೇಕು. ಸನ್ಯಾಸಿನಿಯರು ಬೇರೆ ಮಠಗಳಿಂದ ಪುಸ್ತಕ ಎರವಲು ತಂದು, ಕೈಯಾರೆ ಪ್ರತಿ ಮಾಡಿದರು. ಶತಮಾನದ ಕೊನೆಗೆ ಅಲ್ಲಿ ಐನೂರಕ್ಕೂ ಹೆಚ್ಚು ಹಸ್ತಪ್ರತಿಗಳಿದ್ದವು. ಯಾವ ದಿನ ಯಾವ ಪುಸ್ತಕ ಓದಬೇಕು ಅನ್ನೋ ಪಟ್ಟಿ ಕೂಡ ಇತ್ತು. ಪುಸ್ತಕಗಳ ಉಸ್ತುವಾರಿ ನೋಡ್ತಿದ್ದ ಕುನಿಗುಂಡಾ ನಿಕ್ಲಾಸ್ ಅನ್ನೋ ಸನ್ಯಾಸಿನಿ 1450ರ ದಶಕದಲ್ಲಿ ಇಂಥ ಪಟ್ಟಿಯನ್ನ ಸಿದ್ಧಪಡಿಸಿದಳು.

1428ರ ಸುಧಾರಣೆಯನ್ನ ಮುಂದೆ ನಿಂತು ನಡೆಸಿದವನು ಯೊಹಾನೆಸ್ ನೀಡರ್, ಆಗ ಆ ಊರಿನ ಡೊಮಿನಿಕನ್ ಮಠದ ಮುಖ್ಯಸ್ಥ. ಇವನು ನ್ಯೂರೆಂಬರ್ಗ್‌ನಲ್ಲಿ ಜರ್ಮನ್‌ನಲ್ಲಿ ಉಪದೇಶ ಮಾಡಿದ. ಸಾವಿರ ವರ್ಷ ಹಳೆಯ, ಮರುಭೂಮಿಯ ತಪಸ್ವಿಗಳ ಮಾತುಕತೆಯನ್ನ ಕ್ಯಾಸಿಯನ್ ಬರೆದಿಟ್ಟಿದ್ದನಲ್ಲ, ಅದನ್ನ ಆಧರಿಸಿ 'ಇಪ್ಪತ್ತನಾಲ್ಕು ಚಿನ್ನದ ವೀಣೆಗಳು' ಅನ್ನೋ ಅರ್ಥದ ಹೆಸರಿನ ಪುಸ್ತಕ ಬರೆದ. ಲ್ಯಾಟಿನ್ ಬಾರದವರಿಗೂ ಆ ಜ್ಞಾನ ಸಿಕ್ಕಿತು.

ಆದರೆ ಇದೇ ನೀಡರ್ 1430ರ ದಶಕದಲ್ಲಿ ಲ್ಯಾಟಿನ್‌ನಲ್ಲಿ 'ಫಾರ್ಮಿಕೇರಿಯಸ್' ಬರೆದ. ಹೆಸರು ಇರುವೆಗೂಡನ್ನ ನೆನಪಿಸುತ್ತೆ, ವಿಷಯ ಸುಧಾರಣೆಯೇ. ಅದರ ಐದನೇ ಭಾಗದಲ್ಲಿ ಮಾಟಗಾತಿಯರ ಕತೆಗಳಿವೆ. ಅವನು 1438ರಲ್ಲಿ ತೀರಿಹೋದ. ಸುಮಾರು ಐವತ್ತು ವರ್ಷದ ನಂತರ ಹೈನ್ರಿಖ್ ಕ್ರಾಮರ್ ಅನ್ನೋ ಇನ್ನೊಬ್ಬ ಡೊಮಿನಿಕನ್, ಮಾಟಗಾತಿಯರ ಬೇಟೆಗೆ ಕೈಪಿಡಿಯಂತಾದ 'ಮಾಲಿಯಸ್ ಮಾಲೆಫಿಕಾರಮ್' ಬರೆಯುವಾಗ ಅದೇ ಕತೆಗಳನ್ನ ಎತ್ತಿಕೊಂಡ.

ಹೆಣ್ಣುಮಕ್ಕಳ ಕೈಗೆ ಪುಸ್ತಕ ಕೊಟ್ಟವನೂ ಅವನೇ, ಮುಂದೆ ಅವರ ಮೇಲೆ ತಿರುಗಿದ ಭಯಕ್ಕೆ ಕತೆ ಒದಗಿಸಿದವನೂ ಅವನೇ. ಒಂದನ್ನ ಹೇಳಿ ಇನ್ನೊಂದನ್ನ ಬಿಟ್ಟರೆ ಈ ಸುಧಾರಣೆಯ ಇತಿಹಾಸ ಅರ್ಧ ಮಾತ್ರ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

1525ರಲ್ಲಿ ನ್ಯೂರೆಂಬರ್ಗ್ ಲೂಥರನ ಕಡೆ ವಾಲಿತು. ಮಠಕ್ಕೆ ಹೊಸಬರನ್ನ ಸೇರಿಸಿಕೊಳ್ಳೋ ಹಾಗಿಲ್ಲ ಅಂತಾಯ್ತು. 1596ರಲ್ಲಿ ಅಲ್ಲಿನ ಕೊನೆಯ ಸನ್ಯಾಸಿನಿಯೂ ತೀರಿಕೊಂಡಳು. ಆದರೆ ಅವರು ಕೂತು ಬರೆದ ಪುಸ್ತಕಗಳಲ್ಲಿ ಬಹಳಷ್ಟು ಇವತ್ತಿಗೂ ಅದೇ ಊರಿನ ನಗರ ಗ್ರಂಥಾಲಯದಲ್ಲಿವೆ. ಆ ಕಾಲದ ಎಷ್ಟೋ ಫ್ರಯರ್‌ಗಳು ಮಾಡಿದ ಉಪದೇಶ ನಮಗೆ ಉಳಿದಿರೋದು ಕೇಳಿ ಬರೆದಿಟ್ಟ, ಪ್ರತಿ ಮಾಡಿಟ್ಟ ಇಂಥ ಸನ್ಯಾಸಿನಿಯರಿಂದ.