ಕೋಲಾರ ಸೀಮೆಯ ಕೊಡಗೆಗಳೂ ವಿಶ್ರಾಂತಿವೇತನದ ಹಕ್ಕೂ

ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳ ತಾತ್ಪರ್ಯವು ಶಾಸನಾಭ್ಯಾಸಿಗಳಿಗೆಲ್ಲ ಪರಿಚಿತವಾದುದೇ ಆಗಿದೆ. ಕೊಡುವುದು, ಕೊಟ್ಟುದನ್ನು ಕಾಪಾಡುವುದು ಎಂಬ ಎರಡರಲ್ಲಿ ಕಾಪಾಡುವುದೇ ಮೇಲು. ತಾನು ಕೊಟ್ಟುದರಿಂದ ಬರುವ ಪುಣ್ಯಕ್ಕಿಂತ ಪರರು ಕೊಟ್ಟುದನ್ನು ಪಾಲಿಸಿದ ಪುಣ್ಯವು ಇಮ್ಮಡಿ. ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನು. ಈ ಮಾತುಗಳನ್ನು ಕೇವಲ ರೂಢಿಯ ಪಾಠವೆಂದು ಬಿಟ್ಟು ಮುಂದೆ ಹೋಗುವುದು ವಾಡಿಕೆ. ಆದರೆ ದುಡಿದವನಿಗೂ ಅವನನ್ನು ನಂಬಿದವರಿಗೂ ಸಲ್ಲುವ ಜೀವನಾಂಶವು ಒಡೆಯನ ಅನುಗ್ರಹವೋ ದುಡಿದವನ ಹಕ್ಕೋ ಎಂಬ ಇಂದಿನ ವಿವಾದಕ್ಕೆ ಈ ಮಾತುಗಳು ಬಹು ಸಮೀಪದಲ್ಲಿವೆ.

ಈ ವಿಚಾರಕ್ಕೆ ಕೋಲಾರ ಸೀಮೆಯು ತಕ್ಕ ಕ್ಷೇತ್ರವಾಗಿದೆ. ಕೋಲಾರವೇ ಪ್ರಾಚೀನ ಕುವಳಾಲಪುರ. ಗಂಗರು ತಮ್ಮನ್ನು ಅದರ ಅಧೀಶ್ವರರೆಂದು ಕರೆದುಕೊಂಡರು. ಅವರಲ್ಲದೆ ಬಾಣರು, ನೊಳಂಬರು, ಚೋಳರು ಈ ನೆಲವನ್ನಾಳಿದರು. ವಿಜಯನಗರದ ಕಾಲದಲ್ಲಿ ಮುಳುಬಾಗಿಲು ಒಂದು ರಾಜ್ಯವಿಭಾಗಕ್ಕೆ ಮುಖ್ಯಸ್ಥಾನವಾಯಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟದಲ್ಲಿ ಪ್ರಕಟಿಸಿದರು. ಈ ಜಿಲ್ಲೆಯ ಶಾಸನಗಳಲ್ಲಿ ವೀರಗಲ್ಲುಗಳ ಪಾಲು ದೊಡ್ಡದು. ತುರುಗೋಳಿನಲ್ಲಿಯೋ ಊರಳಿವಿನಲ್ಲಿಯೋ ಕಾದಿ ಮಡಿದವನ ಹೆಸರನ್ನು ಹೇಳಿ, ಅವನಿಗಾಗಿ ಬಿಟ್ಟ ಭೂಮಿಯನ್ನು ಹೇಳಿ, ಅದನ್ನು ಅಳಿದವನಿಗೆ ಶಾಪವನ್ನು ಹೇಳಿ ಮುಗಿಸುವುದು ಇಂತಹ ಕಲ್ಲುಗಳ ಕ್ರಮ.

ಈ ಭೂಮಿಗೆ ನಮ್ಮ ಶಾಸನಭಾಷೆಯಲ್ಲಿ ಹಲವು ಹೆಸರುಗಳುಂಟು. ಕಲ್ನಾಡು ಎಂಬುದು ವೀರನ ಕಲ್ಲಿನೊಡನೆ ಸಂಬಂಧಿಸಿದ ಭೂಮಿ. ನೆತ್ತರುಗೊಡಗೆ, ರಕ್ತಕೊಡಗೆ ಎಂಬ ಹೆಸರುಗಳಲ್ಲಿ ಕೊಡುಗೆಯ ಕಾರಣವೇ ಹೆಸರಾಗಿದೆ: ನೆತ್ತರು ಸುರಿದುದಕ್ಕೆ ಪ್ರತಿಯಾಗಿ ಬಂದುದು. ಬಾಳ್ಗಚ್ಚು ಎಂದರೆ ಬಾಳನ್ನು, ಎಂದರೆ ಕತ್ತಿಯನ್ನು, ತೊಳೆದು ಕೊಟ್ಟುದು. ಈ ಹೆಸರುಗಳಲ್ಲಿ ಕೊಡುವವನ ಔದಾರ್ಯವು ಕಾಣುವುದಿಲ್ಲ. ಪಡೆಯುವವನು ಮಾಡಿದ ಕೆಲಸವೇ ಕಾಣುತ್ತದೆಂಬುದು ಗಮನಾರ್ಹ.

ಕೋಲಾರ ಸೀಮೆಯ ಆಚೆಗೂ ಹಬ್ಬಿದ್ದ ಈ ಪದ್ಧತಿಗೆ ನೆರೆಯ ಎರಡು ನಿದರ್ಶನಗಳು ಪ್ರಸಿದ್ಧವಾಗಿವೆ. ಬೆಂಗಳೂರಿನ ಬಳಿಯ ಬೇಗೂರಿನ ಕಲ್ಲಿನಲ್ಲಿ, ಗಂಗ ಎರೆಯಪ್ಪನ ಆಜ್ಞೆಯಂತೆ ನಾಗತ್ತರನು ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಹೋರಾಡಿ ಮಡಿದನೆಂದೂ, ಅದನ್ನು ಕೇಳಿ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದೂ ತಿಳಿದುಬರುತ್ತದೆ. ಸೇವಕನು ಸತ್ತರೂ ಸೇವೆಯ ಋಣವು ಸಾಯಲಿಲ್ಲ. ಶಕ 872ರ ಆತಕೂರಿನ ಶಾಸನದಲ್ಲಾದರೋ ತಕ್ಕೋಲದ ಯುದ್ಧವಾದ ಮೇಲೆ ಬೂತುಗನು ಮಣಲೆರನಿಗೆ ಆತುಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟನು. ಮಣಲೆರನು ಆಗ ಬದುಕಿದ್ದನು. ಆದಕಾರಣ ಇಂತಹ ಕೊಡುಗೆಯು ಮಡಿದವರ ಮನೆಗೆ ಮಾತ್ರವಲ್ಲದೆ, ಸೇವೆಯನ್ನು ಮುಗಿಸಿ ಬಂದವನಿಗೂ ಸಲ್ಲುತ್ತಿದ್ದಿತೆಂಬುದು ಸ್ಪಷ್ಟ.

ಕತ್ತಿಯ ಸೇವೆಗೆ ಮಾತ್ರ ಈ ಮರ್ಯಾದೆಯಿದ್ದಿತೆಂದು ತಿಳಿಯಬಾರದು. ಸದಾ ಹರಿಯುವ ನದಿಯಿಲ್ಲದ ಈ ಸೀಮೆಯು ಕೆರೆಗಳಿಂದ ಬದುಕಿದುದು. ಆವಣಿಯ ಸ್ಥಾನವನ್ನು ನಲವತ್ತು ವರ್ಷ ಆಳಿ, ಶಕ 883ರಲ್ಲಿ ಕಾಲವಾದ ತ್ರಿಭುವನಕರ್ತದೇವನೆಂಬ ತಪಸ್ವಿಯು ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಅಲ್ಲಿನ ಶಾಸನವು ಹೇಳುತ್ತದೆ. ಕೆರೆಯನ್ನು ಕಟ್ಟಿದವನಿಗೂ ಅದನ್ನು ಕಾಯ್ದುಕೊಂಡು ಬಂದವನಿಗೂ ಕಟ್ಟುಗೊಡಗೆ, ದಶವಂದ ಎಂಬ ಹೆಸರಿನಿಂದ ಕೆರೆಯ ಕೆಳಗಿನ ಭೂಮಿಯಲ್ಲಿ ಪಾಲು ಸಲ್ಲುತ್ತಿದ್ದಿತು. ತೂಬನ್ನು ತೆಗೆದು ನೀರನ್ನು ಹಂಚುವ ನೀರಗಂಟಿಗೂ, ತೋಟಿ ತಳವಾರರಿಗೂ ಇನಾಮು ಭೂಮಿ ಮತ್ತು ಕಣದಲ್ಲಿ ಕಾಳಿನ ಪಾಲು ಇದ್ದವು. 1961ರ ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆಯಿಂದ ಆನುವಂಶಿಕವಾದ ಈ ವೃತ್ತಿಗಳು ಕೊನೆಗಂಡವು.

ಶಾಸ್ತ್ರಗ್ರಂಥಗಳಲ್ಲಿಯೂ ಈ ಭಾವವುಂಟು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ, ಕೆಲಸದಲ್ಲಿರುವಾಗ ಸತ್ತವರ ಮಕ್ಕಳೂ ಹೆಂಡತಿಯೂ ಭಕ್ತವೇತನಗಳನ್ನು ಪಡೆಯತಕ್ಕದ್ದೆಂದಿದೆ. ಸತ್ತವರನ್ನು ನಂಬಿದ ಬಾಲರು, ವೃದ್ಧರು, ರೋಗಿಗಳು ಅನುಗ್ರಹಕ್ಕೆ ಪಾತ್ರರೆಂದಿದೆ. ಒಂದೆಡೆ ಪಡೆಯುವುದು, ಇನ್ನೊಂದೆಡೆ ಅನುಗ್ರಹ: ಈ ಎರಡು ಕ್ರಿಯೆಗಳ ಭೇದವು ಆಕಸ್ಮಿಕವೆಂದು ತೋರುವುದಿಲ್ಲ. ಶುಕ್ರನೀತಿಯಾದರೋ ನಲವತ್ತು ವರ್ಷ ಸೇವೆ ಮಾಡಿದವನಿಗೆ ಕೆಲಸವಿಲ್ಲದೆಯೇ ಅರ್ಧವೇತನವನ್ನೂ, ಅವನ ತರುವಾಯ ಅಶಕ್ತನಾದ ಎಳೆಯ ಮಗನಿಗೆ ಅಥವಾ ಹೆಂಡತಿಗೆ ಅದರ ಅರ್ಧವನ್ನೂ ವಿಧಿಸುತ್ತದೆ. ಆದರೆ ಈ ಗ್ರಂಥದ ಕಾಲವು ವಿವಾದಾಸ್ಪದವಾಗಿದ್ದು, ಈಗಿನ ರೂಪವು ಹತ್ತೊಂಬತ್ತನೆಯ ಶತಮಾನದ್ದೆಂದು ಕೆಲವು ವಿದ್ವಾಂಸರು ವಾದಿಸಿರುವುದರಿಂದ, ಪ್ರಾಚೀನಾಚಾರಕ್ಕೆ ಇದನ್ನೊಂದನ್ನೇ ಪ್ರಮಾಣವಾಗಿ ಹಿಡಿಯುವುದು ಯುಕ್ತವಲ್ಲ.

ಹಾಗೆಂದು ಹಳೆಯ ಪದ್ಧತಿಯನ್ನು ಮಿತಿಮೀರಿ ಹೊಗಳಬೇಕಾಗಿಯೂ ಇಲ್ಲ. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಮಣ್ಣು ಹೊತ್ತವರ ಹೆಸರು ಉಳಿಯಲಿಲ್ಲ. ಶ್ರೀನಿವಾಸಪುರದ ಹೆಸರೇ ಇದಕ್ಕೊಂದು ಸೂಚನೆ. ಹಿಂದೆ ಪಾಪನಪಲ್ಲಿಯೆನಿಸಿದ್ದ ಆ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟರು. ಅವರ ಸೇವೆಗೆ 1807ರಲ್ಲಿ ಯಳಂದೂರಿನ ಜಹಗೀರು ವಂಶಪಾರಂಪರ್ಯವಾಗಿ ದೊರೆಯಿತು. ದಿವಾನರ ಸೇವೆಗೆ ಜಹಗೀರಿದ್ದಿತು, ನೀರಗಂಟಿಗೆ ಕಾಳಿದ್ದಿತು. ಭೂಮಿಯೂ ವೃತ್ತಿಯೂ ಇಲ್ಲದ ಕೂಲಿಯವನ ಮುಪ್ಪಿಗೆ ಅವನ ಮಕ್ಕಳ ಹೊರತು ಬೇರೆ ಆಶ್ರಯವಿರಲಿಲ್ಲ. ಅಲ್ಲದೆ, ಕೊಡುಗೆಯನ್ನು ಕಸಿದುಕೊಂಡವನಿಗೆ ಶಾಪದ ಭಯವಿದ್ದಿತೇ ಹೊರತು, ಕಳೆದುಕೊಂಡ ಬಡವನು ಪ್ರಬಲನಾದ ಒಡೆಯನನ್ನು ನಿಲ್ಲಿಸಿ ಕೇಳುವ ಸ್ಥಾನವು ದುರ್ಲಭವಾಗಿದ್ದಿತು.

ಆಂಗ್ಲರ ಕಾಲದ 1871ರ ಪಿಂಚಣಿ ಕಾಯಿದೆಯಲ್ಲಿಯೂ ಈ ಕೊರತೆಯು ಪೂರ್ಣವಾಗಿ ತೀರಲಿಲ್ಲ. ಅದು ಪಿಂಚಣಿಯನ್ನು ಸಾಲಗಾರರ ಜಪ್ತಿಯಿಂದ ಕಾಪಾಡಿತು. ಆದರೆ ಪಿಂಚಣಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದನ್ನು ಪ್ರತಿಬಂಧಿಸಿತು. ಪಿಂಚಣಿಯು ಸರ್ಕಾರದ ಮರ್ಜಿಯ ದಾನವಲ್ಲ, ಸ್ವತ್ತೆಂಬಂತಹ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ದೇವಕಿನಂದನ ಪ್ರಸಾದರ ಮೊಕದ್ದಮೆಯಲ್ಲಿ ನಿರ್ಣಯಿಸಿತು. 1982ರ ಡಿಸೆಂಬರ್ 17ರಂದು ನಕಾರಾ ಅವರ ಮೊಕದ್ದಮೆಯಲ್ಲಿ, ಅದು ಹಿಂದೆ ಸಲ್ಲಿಸಿದ ಸೇವೆಯ ಪ್ರತಿಫಲವೆಂದೂ, ನಿವೃತ್ತರಾದ ತಾರೀಖನ್ನೇ ಹಿಡಿದು ನಿವೃತ್ತರಲ್ಲಿ ಭೇದವೆಣಿಸುವುದು ಸಲ್ಲದೆಂದೂ ತೀರ್ಪಿತ್ತಿತು. ನೆತ್ತರುಗೊಡಗೆಯ ಹೆಸರಿನಲ್ಲಿ ಅಡಗಿದ್ದ ತತ್ತ್ವವು ಹೀಗೆ ನ್ಯಾಯದ ಭಾಷೆಯನ್ನು ಪಡೆಯಿತು.

ಸರ್ಕಾರದ ನೌಕರನಲ್ಲದ ಕಾರ್ಮಿಕನಿಗೆ 1952ರ ಭವಿಷ್ಯನಿಧಿಯ ಕಾಯಿದೆಯೂ, 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆಯೂ ಬಂದವು. ಈ ಯೋಜನೆಯಲ್ಲಿ ತಿಂಗಳಿಗೆ ಕನಿಷ್ಠ 1000 ರೂಪಾಯಿ ಎಂಬ ನಿಯಮವಾದುದು 2014ರಲ್ಲಿ. ಆ ಮೊತ್ತವು ಸಾಲದೆಂಬ ಕೂಗು ಅಂದಿನಿಂದಲೂ ಇದೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ಸರ್ಕಾರಿ ನೌಕರರಿಗೆ ನಿಶ್ಚಿತವಾದ ಹಳೆಯ ಪಿಂಚಣಿಗೆ ಬದಲಾಗಿ ವಂತಿಗೆಯ ಯೋಜನೆಯು ಬಂದಿತು. 1880ರಿಂದ ಆಳಕ್ಕಿಳಿದ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ಮುಚ್ಚಿದರೂ ದುಡಿದವರ ಮುಪ್ಪು ಮುಚ್ಚುವುದಿಲ್ಲ. ಮಾಲೂರಿನ ಹೆಂಚು ಇಟ್ಟಿಗೆಗಳ ಕೆಲಸದವರಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳ ಕೂಲಿಯವರಲ್ಲಿ, ಹೆಸರು ಲೆಕ್ಕದ ಪುಸ್ತಕಕ್ಕೆ ಏರದವರಿಗೆ ಕಾರ್ಮಿಕರ ಪಿಂಚಣಿಯೆಂಬುದು ದೂರದ ಮಾತು.

ಇವೆಲ್ಲವನ್ನೂ ಪರ್ಯಾಲೋಚಿಸಿದರೆ, ದುಡಿಮೆಯು ಋಣವನ್ನು ಹುಟ್ಟಿಸುತ್ತದೆಂಬ ತತ್ತ್ವವು ಈ ನೆಲಕ್ಕೆ ಹೊಸದಲ್ಲವೆಂದು ವ್ಯಕ್ತವಾಗುತ್ತದೆ. ಹಳೆಯ ಕಾಲಕ್ಕೆ ಆ ತತ್ತ್ವವಿದ್ದು ಅದನ್ನು ಕೇಳಿ ಪಡೆಯುವ ದಾರಿಯು ಸಂಕುಚಿತವಾಗಿದ್ದಿತು; ಇಂದು ನ್ಯಾಯಾಲಯದ ದಾರಿಯಿದೆ, ಆದರೆ ಹಕ್ಕಿನ ಕಲ್ಲಿನಲ್ಲಿ ಎಲ್ಲರ ಹೆಸರೂ ಕೆತ್ತಲ್ಪಟ್ಟಿಲ್ಲ. ಕೊಡುವುದಕ್ಕಿಂತ ಕಾಪಾಡುವುದು ಮೇಲೆಂದು ಶಾಸನಕಾರರು ಬರೆದುದು ತಮ್ಮ ತರುವಾಯ ಬರುವ ಅರಸರನ್ನು ಉದ್ದೇಶಿಸಿ. ಆ ಅರಸರ ಸ್ಥಾನದಲ್ಲಿ ಈಗ ಪ್ರಜೆಗಳೂ ಅವರ ಸರ್ಕಾರಗಳೂ ಇರುವುದರಿಂದ, ಆ ಪಾಲನೆಯ ಹೊಣೆಯೂ ಇವರದೇ ಆಗಿದೆ.