ಪುರದ ನಲ್ಲಿ ನೀರು

ನಮ್ಮ ಪುಣೆಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಡೀಸೆಲ್ ಜನರೇಟರ್ ಇದೆ. ಕರೆಂಟ್ ಹೋದರೆ ಲಿಫ್ಟಿಗೂ ನೀರಿನ ಪಂಪಿಗೂ ಅದೇ ಗತಿ. ಕಳೆದ ಸೊಸೈಟಿ ಮೀಟಿಂಗಿನಲ್ಲಿ ಅದರ ಡೀಸೆಲ್ ಖರ್ಚು ಹಂಚಿಕೊಳ್ಳುವ ವಿಷಯಕ್ಕೆ ಎರಡು ಗಂಟೆ ಜಗಳವಾಯಿತು. ಮೊದಲನೇ ಮಹಡಿಯವರು ತಾವು ಲಿಫ್ಟ್ ಹತ್ತುವುದೇ ಇಲ್ಲ ಎಂದರು. ಫ್ಲ್ಯಾಟಿಗೆ ಬೀಗ ಹಾಕಿಟ್ಟವರು ಮೀಟಿಂಗಿಗೇ ಬಂದಿರಲಿಲ್ಲ. ಅಲ್ಲಿ ಕೂತಿದ್ದಾಗ ನನಗೆ ನೆನಪಾದದ್ದು ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ. (ಕಲಾಂ ಅವರ 'ಪುರಾ' ಯೋಜನೆಯಲ್ಲ, ಊರಿನ ಹೆಸರೇ ಪುರ.) ಇಂಥದೇ ಲೆಕ್ಕವನ್ನು ಆ ಹಳ್ಳಿಯವರು 1987ರಲ್ಲೇ ನಮಗಿಂತ ಚೆನ್ನಾಗಿ ಬಿಡಿಸಿದ್ದರು.

ಕಥೆ ಶುರುವಾಗುವುದು 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಹಿಂದಿನ ವರ್ಷವಷ್ಟೇ ಜಗತ್ತಿನಲ್ಲೆಲ್ಲ ಎಣ್ಣೆಯ ಬೆಲೆ ಏರಿ ಗಾಬರಿ ಹುಟ್ಟಿಸಿತ್ತು. ಅಲ್ಲಿದ್ದ ಅಮೂಲ್ಯ ಕುಮಾರ್ ರೆಡ್ಡಿ ವಿದ್ಯುತ್‌ರಸಾಯನದ ವಿಜ್ಞಾನಿ. ಬಾಕ್ರಿಸ್ ಜೊತೆ ಅವರು ಬರೆದ ಪಠ್ಯಪುಸ್ತಕಕ್ಕೆ ಹೊರದೇಶಗಳಲ್ಲೂ ಹೆಸರಿತ್ತು. ಅಂಥವರು ಪ್ರಯೋಗಾಲಯ ಬಿಟ್ಟು ಹಳ್ಳಿಯ ಸೌದೆ, ಸಗಣಿ, ಸೀಮೆಎಣ್ಣೆಯ ಲೆಕ್ಕಕ್ಕೆ ಇಳಿದರು. ಹಾಗೆ ಹುಟ್ಟಿದ್ದು 'ಅಸ್ತ್ರ'. ಅಸ್ತ್ರ ಒಲೆ ಎಂದರೆ ನಿಮ್ಮಲ್ಲಿ ಕೆಲವರಿಗಾದರೂ ಅಜ್ಜಿಯ ಮನೆ ನೆನಪಾದೀತು. ಅದು ಇದೇ ಅಸ್ತ್ರ. ಕುಣಿಗಲ್ ಕಡೆಯ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು, ಅದರ ಹತ್ತಿರದ ಹಳ್ಳಿ ಪುರ.

ಅಸ್ತ್ರದವರು ಪುರದಲ್ಲಿ ಮನೆಮನೆಗೂ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಅಳೆದರು. ಸಿಂಹಪಾಲು ಅಡುಗೆಯ ಸೌದೆಗೇ ಹೋಗುತ್ತಿತ್ತು. ಹಾಗಾದರೆ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅಡುಗೆಗೆ ಗ್ಯಾಸ್ ಕೊಡೋಣ ಎಂದು ಹೊರಟರು. ಕಾಗದದ ಮೇಲೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಆದರೆ ಊರಿನ ದನಗಳ ಸಗಣಿಯಿಂದ ಎಲ್ಲರ ಅಡುಗೆ ಪೂರೈಸುವಷ್ಟು ಗ್ಯಾಸ್ ಬರಲಿಲ್ಲ. ಸೌದೆಗೆ ಹೆಂಗಸರ ಬೆವರು ಖರ್ಚಾಗುತ್ತಿತ್ತೇ ಹೊರತು ಮನೆಯ ದುಡ್ಡಲ್ಲ, ಹಾಗಾಗಿ ಊರಿಗೂ ಇದರಲ್ಲಿ ಉತ್ಸಾಹವಿರಲಿಲ್ಲ. ಯೋಜನೆ ಸೋತಿತು.

ಐಟಿಯಲ್ಲಿ ಹದಿನೆಂಟು ವರ್ಷ ಪ್ರಾಜೆಕ್ಟ್ ನಡೆಸಿದವನಿಗೆ ಇದು ಚಿರಪರಿಚಿತ ಸೋಲು. ಬಳಸುವವರನ್ನು ಒಂದು ಮಾತೂ ಕೇಳದೆ ಹದಿನಾಲ್ಕು ತಿಂಗಳು ಕೂತು ಕಟ್ಟಿದ ಸಾಫ್ಟ್‌ವೇರನ್ನು ಒಪ್ಪಿಸಿದ ದಿನವೇ ಮೂಲೆಗೆ ಸೇರಿಸಿದ್ದನ್ನು ನೋಡಿದ್ದೇನೆ. ಆ ತಂಡದ ಮುಖ್ಯಸ್ಥ ನಾನೇ. ನಾವು ಆಗ ಗ್ರಾಹಕರಿಗೆ ತಿಳುವಳಿಕೆ ಸಾಲದು ಎಂದು ವರದಿ ಬರೆದೆವು. ಅಸ್ತ್ರದವರು ಹಾಗೆ ಬರೆಯದೆ ಊರವರನ್ನೇ ಹೋಗಿ ಕೇಳಿದರು. ಊರು ಕೇಳಿದ್ದು ಅಡುಗೆಯ ಗ್ಯಾಸನ್ನಲ್ಲ, ಕುಡಿಯುವ ನೀರನ್ನು.

ಅಲ್ಲಿಂದ ಲೆಕ್ಕವೇ ಬದಲಾಯಿತು. ಊರಿನ ಅಡುಗೆಗೆ ಸಾಲದ ಗ್ಯಾಸು ಇಂಜಿನ್ನಿಗೆ ಹಾಕಿದರೆ ಕೊಳವೆಬಾವಿಯಿಂದ ನೀರೆತ್ತಿ ಮನೆಗಳಿಗೆ ಟ್ಯೂಬ್‌ಲೈಟ್ ಹಚ್ಚಲು ಸಾಕಿತ್ತು. 1987ರ ಸೆಪ್ಟೆಂಬರಿನಲ್ಲಿ 5 ಕಿಲೋವಾಟಿನ ಡೀಸೆಲ್ ಜನರೇಟರ್ ಗ್ಯಾಸಿನಲ್ಲಿ ಓಡತೊಡಗಿತು. ಪೂರ್ತಿ ಗ್ಯಾಸಿನಲ್ಲಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ; ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದಾಗ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಸಗಣಿ ಗ್ಯಾಸು ಆ ಬಿಸಿಗೆ ಸುಲಭವಾಗಿ ಹೊತ್ತುವುದಿಲ್ಲ. ಅದಕ್ಕೆ ಒಗ್ಗರಣೆಯಷ್ಟು ಡೀಸೆಲ್ ಸಿಂಪಡಿಸಿದರೆ ಅದು ಹೊತ್ತಿ ಗ್ಯಾಸನ್ನೂ ಹೊತ್ತಿಸುತ್ತದೆ. ಬಹುಪಾಲು ಡೀಸೆಲ್ ಉಳಿಯಿತು.

ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಇಂಜಿನ್ ನೋಡಿಕೊಳ್ಳಲು ಊರಿನದೇ ಇಬ್ಬರು ಹುಡುಗರು, ಲೆಕ್ಕಪತ್ರ ನೋಡಲು ಗ್ರಾಮ ವಿಕಾಸ ಸಭಾ. ದೀಪದ ದುಡ್ಡು ಕಟ್ಟದಿದ್ದರೆ ಲೈನ್ ಕತ್ತರಿಸುವುದೇ, ಮುಲಾಜಿಲ್ಲ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿದ್ವಾಂಸ ಬರೆದ ಪ್ರಸಿದ್ಧ ಲೇಖನವೊಂದಿದೆ. ಊರೊಟ್ಟಿನ ಗೋಮಾಳಕ್ಕೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಟ್ಟರೆ ಲಾಭ ಅವನಿಗೆ, ನಷ್ಟ ಎಲ್ಲರಿಗೆ. ಹೀಗೆ ಎಲ್ಲರ ಸೊತ್ತು ಹಾಳಾಗುತ್ತದೆ ಎನ್ನುವುದು ಅವರ ವಾದ. ಪುರವನ್ನು ನೋಡಿದ ರೆಡ್ಡಿಯವರು 1995ರಲ್ಲಿ ಇದಕ್ಕೆ ಉತ್ತರ ಬರೆದರು. ಇಲ್ಲಿ ಸಗಣಿ ಕೊಡದೆ ಉಳಿಸಿಕೊಂಡರೆ ಸಿಗುವ ಲಾಭ ಅಲ್ಪ. ಆದರೆ ಎಲ್ಲರೂ ಹಾಗೇ ಮಾಡಿದರೆ ಇಂಜಿನ್ ನಿಲ್ಲುತ್ತದೆ, ತನ್ನ ಮನೆಯ ಕೊಡವೂ ಖಾಲಿ. ಸ್ವಾರ್ಥವೂ ಊರ ಹಿತವೂ ಒಂದೇ ನಲ್ಲಿಯಲ್ಲಿ ಸುರಿಯುತ್ತಿದ್ದವು. ನಮ್ಮ ಸೊಸೈಟಿಯಲ್ಲಿ ಇಲ್ಲದ್ದು ಇದೇ ಎನ್ನಿಸುತ್ತದೆ. ನಾನು ಕಟ್ಟದಿದ್ದರೂ ಲಿಫ್ಟ್ ಬರುತ್ತದೆ.

ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯನ್ನು ಗ್ಯಾಸಾಗಿಸುವ ಯಂತ್ರ ಬಂತು. 35 ಮನೆಗಳ ಊರು. ದೀಪ, ನೀರು, ಹಿಟ್ಟಿನ ಗಿರಣಿ ಎಲ್ಲಕ್ಕೂ ಅದೇ. 2004ರವರೆಗಿನ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ದಿನ ಅಲ್ಲಿ ದೀಪ ಉರಿಯಿತು, ನೀರು ಬಂತು. ಆ ವರ್ಷಗಳಲ್ಲಿ ನಮ್ಮೂರಿಗೆ ಬರುತ್ತಿದ್ದ ಕರೆಂಟನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಪುರದ್ದು ಹಲವು ವರ್ಷ ನಡೆದು ನಿಂತಿತು. ನಿಂತದ್ದನ್ನು ರೆಡ್ಡಿಯವರು ಮುಚ್ಚಿಡಲಿಲ್ಲ, ಅದರ ಪಾಠಗಳನ್ನೂ ಬರೆದರು. ನಿಂತಿತು ಎಂಬ ಒಂದೇ ಕಾರಣಕ್ಕೆ ಅದನ್ನು ವಿಫಲ ಎನ್ನುವವರ ಜೊತೆ ನನಗೆ ತಕರಾರಿದೆ. ಐದು ವರ್ಷ ಬಾಳಿದ ಸಾಫ್ಟ್‌ವೇರಿಗೆ ನಾವು ಕೇಕ್ ಕತ್ತರಿಸುತ್ತೇವೆ.

ಮೊನ್ನೆ ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಇಂಜಿನ್ನಿನ ವಿಷಯ, ಹಾರ್ಡಿನ್ ವಿಷಯ ಎಲ್ಲವನ್ನೂ ಹೂಂ ಹೂಂ ಎಂದು ಕೇಳಿಸಿಕೊಂಡು ಕೊನೆಗೆ, "ಅದೆಲ್ಲಾ ಸರಿ ಕಣೋ, ಸಗಣಿನೆಲ್ಲಾ ಅಲ್ಲಿಗೇ ಹಾಕಿದ್ರೆ ಹೊಲದ ಗೊಬ್ಬರಕ್ಕೆ ಏನ್ ಮಾಡ್ತಿದ್ರು?" ಎಂದಳು.

ಗ್ಯಾಸ್ ತೆಗೆದ ಬಗ್ಗಡವನ್ನು ಮರಳಿನ ಮೇಲೆ ಸೋಸಿ, ಅವರವರು ಹಾಕಿದ ಸಗಣಿಯ ಲೆಕ್ಕಕ್ಕೆ ತಕ್ಕಂತೆ ವಾಪಸ್ ಕೊಡುತ್ತಿದ್ದರು ಎಂದೆ.

"ಹಂಗಾದ್ರೆ ಕೊಡಬಹುದು ಬಿಡು" ಎಂದಳು.