ಹಳೆಯ ಪಿಕಪ್ ವಾಹನದ ರೇಡಿಯೇಟರ್ ಬದಲಾವಣೆ: ಮುಂಬೈ ನಗರ ಮತ್ತು ಉಪನಗರಗಳಲ್ಲಿ

ಎಂಜಿನಿನಿಂದ ಬಿಸಿ ಹೊತ್ತು ಬರುವ ಕೂಲೆಂಟ್ ದ್ರವವನ್ನು ತಣಿಸುವ ರೇಡಿಯೇಟರ್ ಸೋರತೊಡಗಿದಾಗ ಅದನ್ನು ಕಳಚಿ ಹೊಸದನ್ನು ಕೂರಿಸುವ ಕೆಲಸ. ನೀರು ಕಡಿಮೆಯಾದ ಎಂಜಿನನ್ನು ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆ ಖರ್ಚಿನ ಮುಂದೆ ರೇಡಿಯೇಟರಿನ ಬೆಲೆ ಬಹಳ ಚಿಕ್ಕದು. ಸಾಮಾನ್ಯ ಉಪಕರಣಗಳು ಮತ್ತು ತಾಳ್ಮೆ ಇದ್ದರೆ ಮನೆಯಂಗಳದಲ್ಲೇ ಇದನ್ನು ಮಾಡಬಹುದು. ಆದರೆ ಹೊಸ ರೇಡಿಯೇಟರ್ ಕೂರಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಸೋರಿಕೆಯ ಕಾರಣ ತಿಳಿಯಬೇಕು, ಒಳಗೆ ಸಿಕ್ಕಿಕೊಂಡ ಗಾಳಿ ಹೊರಹೋಗಬೇಕು, ಹಳೆಯ ಕೂಲೆಂಟ್ ಚರಂಡಿ ಸೇರದಂತೆ ನೋಡಿಕೊಳ್ಳಬೇಕು.

ಹಿನ್ನೆಲೆ

ಇಂದಿನ ರೇಡಿಯೇಟರಿನ ಮೂಲರೂಪ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ 1900ರಲ್ಲಿ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿಗಾಗಿ ರೂಪಿಸಿದ ಜೇನುಗೂಡು ರೇಡಿಯೇಟರ್. 8,070 ಸಣ್ಣ ನಳಿಕೆಗಳ ಒಳಗೆ ಗಾಳಿ ಹಾಯಿಸಿ ಸ್ವಲ್ಪ ನೀರಿನಲ್ಲೇ ಹೆಚ್ಚು ಬಿಸಿಯನ್ನು ಹೊರಹಾಕುವ ವ್ಯವಸ್ಥೆ ಅದರಲ್ಲಿತ್ತು. ಅದಕ್ಕೆ ಮುಂಚಿನ ಹಲವು ವಾಹನಗಳಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಚಾಲಕರು ಮತ್ತೆ ಮತ್ತೆ ತುಂಬಬೇಕಾಗುತ್ತಿತ್ತು.

ಮುಂಬೈಗೆ ಜೀಪು, ಪಿಕಪ್ ವಾಹನಗಳ ನಂಟು ಹಳೆಯದು. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದ್ದು ಇದೇ ನಗರದಲ್ಲಿ. ಅದರ ಕಾಂದಿವಲಿ ಕಾರ್ಖಾನೆ ನಗರದ ಹೆಸರಾಂತ ಕೈಗಾರಿಕಾ ನೆಲೆಗಳಲ್ಲೊಂದು. 1988ರಲ್ಲಿ ಟಾಟಾಮೊಬೈಲ್, ಬಳಿಕ ಟಾಟಾ 207, ಮಹೀಂದ್ರ ಬೊಲೆರೊ ಪಿಕಪ್, 2005ರಲ್ಲಿ ‘ಛೋಟಾ ಹಾಥಿ’ ಎಂದು ಹೆಸರಾದ ಟಾಟಾ ಏಸ್ ಬಂದವು. ವಾಶಿಯ ಎ.ಪಿ.ಎಂ.ಸಿ. ಮಾರುಕಟ್ಟೆಯಿಂದ ಬೆಳಗಿನ ಜಾವ ತರಕಾರಿ ಹೊತ್ತು ಅಂಗಡಿಗಳಿಗೂ ಉಡುಪಿ ಹೋಟೆಲುಗಳಿಗೂ ಮುಟ್ಟಿಸುವ ಗಾಡಿಗಳು ಇಂಥವೇ. ಬಹಳಷ್ಟು ಗಾಡಿಗಳಿಗೆ ಚಾಲಕನೇ ಮಾಲೀಕ. ಗಾಡಿ ನಿಂತ ದಿನ ಅವನ ಮನೆಗೆ ಗಳಿಕೆ ಇಲ್ಲ. ಮನೆಯಲ್ಲೇ ದುರಸ್ತಿಗೆ ಕೈಹಾಕಲು ಮುಖ್ಯ ಕಾರಣ ಇದು.

ರಚನೆ

ಎರಡು ಟ್ಯಾಂಕುಗಳು, ಅವುಗಳ ನಡುವೆ ಸಾಲುಸಾಲಾಗಿ ಚಪ್ಪಟೆ ನಳಿಕೆಗಳು, ನಳಿಕೆಗಳಿಗೆ ಅಂಟಿದ ತೆಳು ಜಾಲಿ: ಇಷ್ಟು ಸೇರಿದರೆ ರೇಡಿಯೇಟರ್. ನಳಿಕೆ ಮತ್ತು ಜಾಲಿಯ ಭಾಗಕ್ಕೆ ಕೋರ್ ಎನ್ನುತ್ತಾರೆ. ಬಿಸಿ ದ್ರವ ಮೇಲಿನ ಹೋಸ್ ಪೈಪಿನಿಂದ ಒಳಬಂದು, ತಣಿದು, ಕೆಳಗಿನ ಹೋಸಿನಿಂದ ವಾಟರ್ ಪಂಪಿಗೆ ಮರಳುತ್ತದೆ. ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ಥರ್ಮೋಸ್ಟಾಟ್ ದಾರಿಯನ್ನು ಮುಚ್ಚಿರುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ತೆರೆಯತೊಡಗುತ್ತದೆ. ಮುಚ್ಚಳವೂ ಒಂದು ಕವಾಟವೇ. 0.9 ಬಾರ್ ಒತ್ತಡ ತಡೆಯುವ ಮುಚ್ಚಳವಿದ್ದರೆ ಬರಿಯ ನೀರು ಕೂಡ 100ರ ಬದಲು ಸುಮಾರು 118 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಈ ಒತ್ತಡ ನಿಲ್ಲದು. ರೇಡಿಯೇಟರ್ ಗಟ್ಟಿಯಾಗಿದ್ದರೂ ಗಾಡಿ ಹೀಟ್ ಆಗುತ್ತದೆ.

ಹಳೆಯ ಗಾಡಿಗಳಲ್ಲಿ ಎರಡು ಬಗೆಯ ರೇಡಿಯೇಟರುಗಳು ಸಿಗುತ್ತವೆ. ತಾಮ್ರದ ಜಾಲಿ ಹಾಗೂ ಹಿತ್ತಾಳೆ ಟ್ಯಾಂಕಿಗೆ ಸೀಸ–ತವರದ ಬೆಸುಗೆ ಹಾಕಿದ್ದು ಒಂದು. ಅಲ್ಯೂಮಿನಿಯಂ ಕೋರಿನ ಅಂಚನ್ನು ಮಡಚಿ, ನಡುವೆ ರಬ್ಬರ್ ಪಟ್ಟಿಯಿಟ್ಟು, ಪ್ಲಾಸ್ಟಿಕ್ ಟ್ಯಾಂಕನ್ನು ಹಿಡಿಸಿದ್ದು ಇನ್ನೊಂದು.

ಮುಂಬೈಯಲ್ಲಿ ಸೋರಿಕೆಯ ಕಾರಣಗಳು

ಕಡಲ ಉಪ್ಪುಗಾಳಿ ಮೊದಲ ಶತ್ರು. ತೇವದೊಡನೆ ಸೇರಿದ ಉಪ್ಪು ಜಾಲಿಯನ್ನು ಪುಡಿಗಟ್ಟುತ್ತದೆ, ಬೆಸುಗೆಯನ್ನು ತಿನ್ನುತ್ತದೆ. ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರುವ ಮಳೆಯಲ್ಲಿ ಕೆಸರು ಜಾಲಿಗೆ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ಗುಂಡಿಬಿದ್ದ ರಸ್ತೆಯ ಕುಲುಕಾಟಕ್ಕೆ ಕೆಳಗಿನ ರಬ್ಬರ್ ಬುಷ್ ಸವೆದರೆ ಇಡೀ ಭಾರ ಟ್ಯಾಂಕಿನ ಕೀಲಿನ ಮೇಲೆ ಬೀಳುತ್ತದೆ. ವಾಹನ ದಟ್ಟಣೆಯಲ್ಲಿ ಗಾಡಿ ತೆವಳುವಾಗ ಮುಂದಿನಿಂದ ಗಾಳಿ ನುಗ್ಗುವುದಿಲ್ಲ. ತಣಿಸುವ ಹೊಣೆಯೆಲ್ಲ ಫ್ಯಾನಿನದು. ಭಾರ ಹೇರಿಕೊಂಡು ಪುಣೆ ಕಡೆಗೆ ಬೋರ್ ಘಾಟ್, ನಾಸಿಕದ ಕಡೆಗೆ ಕಸಾರಾ ಘಾಟ್ ಹತ್ತುವಾಗ, ಅಲ್ಲಿಯವರೆಗೆ ಅಡಗಿದ್ದ ಬಿರುಕು ಬಾಯಿಬಿಡುತ್ತದೆ.

ಬರಿಯ ನೀರು ತುಂಬುವ ರೂಢಿಯಿಂದಲೂ ಹಾನಿಯಾಗುತ್ತದೆ. ನೀರು ಹೆಪ್ಪುಗಟ್ಟದ ಊರಿನಲ್ಲಿ ಕೂಲೆಂಟ್ ಯಾಕೆ ಎಂಬ ಪ್ರಶ್ನೆ ಸಾಮಾನ್ಯ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದೆ, ಅದರೊಳಗಿನ ತುಕ್ಕುನಿರೋಧಕಗಳು ಲೋಹವನ್ನು ಕಾಯುತ್ತವೆ. ಮುಂಬೈಗೆ ಬೇಕಿರುವುದು ಈ ಎರಡು ಗುಣಗಳೇ.

ಸೋರಿಕೆಯ ಪತ್ತೆ

ಗಾಡಿಯ ಮೂತಿಯ ಕೆಳಗೆ ಹನಿ, ಜಾಲಿಯ ಮೇಲೆ ಬಿಳಿ ಅಥವಾ ಹಸಿರು ಕಲೆ, ಸಿಹಿಯಾದ ವಾಸನೆ, ಪದೇ ಪದೇ ಇಳಿಯುವ ಕೂಲೆಂಟ್ ಮಟ್ಟ ಇವು ಲಕ್ಷಣಗಳು. ರೇಡಿಯೇಟರಿಗೆ ಕೈಹಾಕುವ ಮುನ್ನ ಹೋಸ್ ಕ್ಲಿಪ್, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಡ್ರೇನ್ ಕಾಕ್ ಇವುಗಳನ್ನು ನೋಡಬೇಕು. ಕೈಪಂಪಿನ ಪ್ರೆಷರ್ ಟೆಸ್ಟರ್ ಇದ್ದರೆ ಮುಚ್ಚಳದ ಮೇಲೆ ಬರೆದ ಒತ್ತಡದವರೆಗೆ ಮಾತ್ರ ಗಾಳಿ ತುಂಬಿ ಹನಿಯುವ ಜಾಗ ಗುರುತಿಸಬಹುದು. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಸೈಲೆನ್ಸರಿನಿಂದ ಬಿಳಿ ಆವಿ ನಿಲ್ಲದೆ ಬರುತ್ತಿದ್ದರೆ, ಎಂಜಿನ್ ಓಡುವಾಗ ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಸೋತಿರುವ ಶಂಕೆ ಇದೆ. ಆಗ ಹೊಸ ರೇಡಿಯೇಟರಿನಿಂದ ಪ್ರಯೋಜನವಿಲ್ಲ.

ದಾರಿಯಲ್ಲಿ ಸೋರಿಕೆ ಕಂಡಾಗ ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವ ಉಪಾಯ ಚಾಲಕರಲ್ಲಿ ಬಳಕೆಯಲ್ಲಿದೆ. ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚುವುದುಂಟು. ಆದರೆ ಅದು ತೂತನ್ನೂ ನಳಿಕೆಯನ್ನೂ ಬೇರೆಮಾಡಿ ನೋಡುವುದಿಲ್ಲ, ಒಳದಾರಿಗಳೂ ಕಟ್ಟಿಕೊಳ್ಳುತ್ತವೆ. ಗ್ಯಾರೇಜು ಮುಟ್ಟುವವರೆಗಿನ ಆಸರೆ ಎಂದಷ್ಟೇ ಅದನ್ನು ಎಣಿಸಬೇಕು.

ದುರಸ್ತಿಯೋ ಬದಲಾವಣೆಯೋ

ತಾಮ್ರ–ಹಿತ್ತಾಳೆಯದಾದರೆ ರೇಡಿಯೇಟರ್ ಕೆಲಸದವರು ಟ್ಯಾಂಕ್ ಬಿಚ್ಚಿ, ನಳಿಕೆಗಳಲ್ಲಿ ತೆಳು ಸಲಾಕೆ ಹಾಯಿಸಿ ಕಟ್ಟಿದ ಕಿಟ್ಟ ತೆಗೆದು, ಬೆಸೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿಯೊತ್ತಡದಿಂದ ಪರೀಕ್ಷಿಸಿ ಕೊಡುತ್ತಾರೆ. ಒಂದೆರಡು ಕಡೆ ಮಾತ್ರ ಸೋರುತ್ತಿದ್ದರೆ ಇದು ಒಳ್ಳೆಯ ದಾರಿ. ಪ್ಲಾಸ್ಟಿಕ್ ಟ್ಯಾಂಕ್ ಸೀಳಿದ್ದರೆ ಅಥವಾ ಜಾಲಿ ಮುಟ್ಟಿದರೆ ಉದುರುವಂತಿದ್ದರೆ ಬದಲಾವಣೆಯೇ ಸರಿ. ಕುರ್ಲಾದ ಸಿ.ಎಸ್.ಟಿ. ರಸ್ತೆ ಮತ್ತು ಒಪೆರಾ ಹೌಸ್ ಸುತ್ತಿನ ಅಂಗಡಿಗಳು ಬಿಡಿಭಾಗಗಳಿಗೆ ಹೆಸರುವಾಸಿ. ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಕೋರಿನ ಅಳತೆ, ದಪ್ಪ, ಹೋಸ್ ಬಾಯಿಗಳ ಸುತ್ತಳತೆ, ಬೋಲ್ಟಿನ ಜಾಗ, ಮುಚ್ಚಳದ ಒತ್ತಡ ಇವನ್ನು ಹೋಲಿಸಬೇಕು. ಒಂದೇ ಹೆಸರಿನ ಗಾಡಿಯಲ್ಲೂ ಎಂಜಿನ್ ಬದಲಾದಂತೆ ರೇಡಿಯೇಟರ್ ಬದಲಾಗಿರುತ್ತದೆ.

ಬದಲಾಯಿಸುವ ಕ್ರಮ

ಬಾನೆಟ್ಟಿನಡಿ ಎಂಜಿನ್ ಇರುವ ಗಾಡಿಗಳ ಸಾಮಾನ್ಯ ಕ್ರಮ ಹೀಗಿದೆ. ಟಾಟಾ ಏಸ್‌ನಂಥ, ಎಂಜಿನ್ ಆಸನದ ಕೆಳಗಿರುವ ಗಾಡಿಗಳಿಗೆ ಅವುಗಳ ಕೈಪಿಡಿಯನ್ನೇ ಅನುಸರಿಸಬೇಕು.

1. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಎಂಜಿನ್ ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬಾರದು. ಬಿಸಿಯಿರುವಾಗ ತೆರೆದರೆ ಕುದಿಯುವ ದ್ರವ ಚಿಮ್ಮಿ ಮುಖ, ಕೈ ಬೇಯುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು.

2. ಅಗಲ ಬಾಯಿಯ ಟಬ್ ಇಟ್ಟು ಡ್ರೇನ್ ಕಾಕಿನಿಂದ, ಅದು ತಿರುಗದಿದ್ದರೆ ಕೆಳಗಿನ ಹೋಸಿನಿಂದ, ಕೂಲೆಂಟ್ ಇಳಿಸಬೇಕು.

3. ಹೋಸುಗಳನ್ನು ತಿರುಚಿ ಬಿಡಿಸಬೇಕು, ಸ್ಕ್ರೂಡ್ರೈವರಿನಿಂದ ಮೀಟಬಾರದು. ಹೋಸ್ ಗಟ್ಟಿಯಾಗಿದ್ದರೆ ಕತ್ತರಿಸಿ ಹೊಸದು ಹಾಕುವುದೇ ಲೇಸು.

4. ಫ್ಯಾನಿನ ಸುತ್ತಲಿನ ಕವಚದ ಬೋಲ್ಟ್ ಬಿಚ್ಚಿ ಹಿಂದಕ್ಕೆ ಸರಿಸಿ, ಪಕ್ಕದ ಬೋಲ್ಟುಗಳನ್ನು ತೆಗೆದು, ರೇಡಿಯೇಟರನ್ನು ನೇರ ಮೇಲಕ್ಕೆ ಎತ್ತಬೇಕು. ಮುಂದೆ ಎ.ಸಿ. ಕಂಡೆನ್ಸರ್ ಇದ್ದರೆ ಅದರ ಪೈಪು ಬಿಚ್ಚಬಾರದು; ಒಳಗೆ ಒತ್ತಡದ ಅನಿಲವಿರುತ್ತದೆ.

5. ಎಂಜಿನಿನೊಳಗೆ ಶುದ್ಧ ನೀರು ಹಾಯಿಸಿ, ತಿಳಿನೀರು ಬರುವವರೆಗೆ ತೊಳೆಯಬೇಕು. ಈ ಹಂತ ಬಿಟ್ಟರೆ ಹಳೆಯ ತುಕ್ಕು ಹೊಸ ನಳಿಕೆಗಳನ್ನು ಕಟ್ಟುತ್ತದೆ.

6. ಹೊಸ ರೇಡಿಯೇಟರನ್ನು ಹೊಸ ರಬ್ಬರ್ ಬುಷ್‌ಗಳ ಮೇಲೆ ಇಳಿಸಬೇಕು. ಜಾಲಿಗೆ ಫ್ಯಾನ್ ತಗಲದಂತೆ ರಟ್ಟು ಅಡ್ಡವಿಟ್ಟರೆ ಒಳ್ಳೆಯದು. ಹೋಸ್, ಕ್ಲಿಪ್, ಮುಚ್ಚಳ ಹೊಸವಿರಲಿ.

7. ಕೈಪಿಡಿ ಹೇಳಿದ ಬಗೆಯ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಡನೆ ಬೆರೆಸಿ ನಿಧಾನ ತುಂಬಬೇಕು. ಬಣ್ಣ ನೋಡಿ ಕೂಲೆಂಟಿನ ಬಗೆ ನಿರ್ಧರಿಸಲಾಗದು. ಎರಡು ಬಗೆಗಳನ್ನು ಬೆರೆಸಬಾರದು.

8. ಬ್ಯಾಟರಿ ತಂತಿ ಮರಳಿ ಜೋಡಿಸಿ, ತಣ್ಣಗಿರುವ ಎಂಜಿನನ್ನು ಮುಚ್ಚಳ ತೆರೆದೇ ಚಾಲೂ ಮಾಡಿ, ಹೀಟರ್ ಇದ್ದರೆ ಅದನ್ನೂ ತೆರೆದಿಡಬೇಕು. ಥರ್ಮೋಸ್ಟಾಟ್ ತೆರೆದಾಗ ದ್ರವ ಇಳಿಯುತ್ತದೆ, ಗುಳ್ಳೆಗಳು ಬರುತ್ತವೆ. ಅವು ನಿಲ್ಲುವವರೆಗೆ ತುಂಬುತ್ತಾ ಹೋಗಿ ಮುಚ್ಚಳ ಬಿಗಿಯಬೇಕು. ಗಾಳಿ ಉಳಿದರೆ ಏರ್ ಲಾಕ್ ಆಗಿ ಎಂಜಿನ್ ಮತ್ತೆ ಹೀಟ್ ಆಗುತ್ತದೆ.

9. ಸಣ್ಣ ಓಡಾಟದ ಬಳಿಕ, ತಣಿದ ಮೇಲೆ ಮಟ್ಟ ನೋಡಬೇಕು. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿದ ಮೇಲೆಯೇ ಭಾರ ಹೇರಬೇಕು.

ಹಳೆಯ ಕೂಲೆಂಟ್ ಮತ್ತು ಲೋಹ

ಎಥಿಲೀನ್ ಗ್ಲೈಕಾಲ್ ವಿಷ. ಅದರ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದೇ ಅಪಾಯ. ಬಳಸಿದ ಕೂಲೆಂಟಿನಲ್ಲಿ ಬೆಸುಗೆಯ ಸೀಸವೂ ಸೇರಿರಬಹುದು. ಮುಂಬೈಯ ರಸ್ತೆಬದಿಯ ಮಳೆನೀರ ಚರಂಡಿಗಳು ನಾಲೆ, ಖಾಡಿಗಳ ಮೂಲಕ ಕಡಲಿಗೆ ತೆರೆದುಕೊಳ್ಳುತ್ತವೆ. ವಿಹಾರ ಕೆರೆಯ ಬಳಿ ಹುಟ್ಟಿ, ಕುರ್ಲಾ ಹಾದು ಮಾಹಿಮ್ ಖಾಡಿ ಸೇರುವ ಮಿಠಿ ನದಿ ಇಂಥ ತ್ಯಾಜ್ಯ ಹೊತ್ತು ಹೊತ್ತು ಈಗಾಗಲೇ ಬಳಲಿದೆ. ಹಳೆಯ ಕೂಲೆಂಟನ್ನು ಬಿಗಿ ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಇಂಥ ತ್ಯಾಜ್ಯ ಸ್ವೀಕರಿಸುವ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು. ನೆಲಕ್ಕೆ ಚೆಲ್ಲಿದ್ದನ್ನು ಮರಳು ಅಥವಾ ಮರದ ಹೊಟ್ಟಿನಿಂದ ಹೀರಿಸಿ ಎತ್ತಬೇಕು. ತಾಮ್ರ–ಹಿತ್ತಾಳೆಯ ಹಳೆಯ ರೇಡಿಯೇಟರಿಗೆ ಗುಜರಿಯಲ್ಲಿ ತೂಕದ ಬೆಲೆ ಸಿಗುತ್ತದೆ.

ನಿರ್ವಹಣೆ

8 ವರ್ಷ ದಾಟಿದ ಸಾಗಣೆ ವಾಹನಕ್ಕೆ ಪ್ರತಿವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಆ ತಪಾಸಣೆಗೆ ಮುಂಚೆ ಹೋಸ್, ಕ್ಲಿಪ್, ಮುಚ್ಚಳ ನೋಡುವ ರೂಢಿ ಇಟ್ಟುಕೊಂಡರೆ ಸೋರಿಕೆ ಮೊದಲೇ ಕಣ್ಣಿಗೆ ಬೀಳುತ್ತದೆ. ಮಳೆಗಾಲ ಮುಗಿದೊಡನೆ ಜಾಲಿಗೆ ಮೆತ್ತಿದ ಕೆಸರನ್ನು ಕಡಿಮೆ ಒತ್ತಡದ ನೀರಿನಿಂದ, ಎಂಜಿನ್ ಕಡೆಯಿಂದ ಹೊರಮುಖವಾಗಿ ತೊಳೆಯಬೇಕು. ಟೆಂಪರೇಚರ್ ಮುಳ್ಳು ಕೆಂಪಿನತ್ತ ಸರಿದರೆ ಸರಕು ತಡವಾದರೂ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಹೀಟ್ ಆದ ಎಂಜಿನನ್ನು ಉಳಿಸುವ ದಾರಿ ಅದೊಂದೇ.